ನರ್ಸಮ್ಮನ ಸಂಜೆಯ ಪ್ರಾರ್ಥನೆ

ಚಳ್ಳಕೆರೆಯಲ್ಲಿ ಈಗ ಮೊದಲಿನಷ್ಟು ಎಣ್ಣೆ ಮಿಲ್ಲುಗಳು ಓಡುವುದಿಲ್ಲ. ಆದರೂ ಊರಿನ ಮಿಲ್ಲುಗಳ ತುದಿಯಲ್ಲಿ ಬಸ್ಸಿಳಿದರೆ ಕೆಲವು ದಿನ ಗಾಳಿಯಲ್ಲಿ ಶೇಂಗಾ ಹಿಂಡಿಯ ವಾಸನೆ ಇರುತ್ತದೆ. ಬಿಸಿ ಗೋಣಿಚೀಲದ, ಜಿಡ್ಡಿನ, ಎಲ್ಲೋ ಸ್ವಲ್ಪ ಸೀದಂಥ ವಾಸನೆ. ಹೋದ ತಿಂಗಳು ನನ್ನ ಅಕ್ಕನ ಮಗಳು ಪಾವನಿಯನ್ನು ನೋಡಲು ಹೋದವಳು ಬಸ್ಸಿಳಿದು ಹಾಗೇ ನಿಂತುಬಿಟ್ಟೆ. ಹಿಂದೆ ಇಳಿಯುವವರು ‘ಸರೀರಮ್ಮ’ ಎಂದು ಗೊಣಗುತ್ತಾ ಪಕ್ಕದಿಂದ ಹೋದರು. ನನ್ನ ಕಣ್ಣ ಮುಂದೆ ಒಂದು ಆಸ್ಪತ್ರೆಯ ವರಾಂಡ ಇತ್ತು. ಅಲ್ಲಿ ಎಣ್ಣೆಯಲ್ಲಿ ನೆಂದ ಖಾಕಿ ಅಂಗಿಯ ಒಬ್ಬ ಗಂಡಸು. ಅವನ ಪಕ್ಕದಲ್ಲಿ, ಕೈಗೆ ಅಂಟಿದ ರಕ್ತ ತೊಳೆಯುವುದನ್ನೂ ಮರೆತು ಕೂತ ಅವನ ಹೆಂಡತಿ. ಆಕೆ ನಮ್ಮ ಪಕ್ಕದ ಮನೆಯ ನರ್ಸಮ್ಮ...

ನಮ್ಮದು ಮೊಳಕಾಲ್ಮೂರಿನ ನೇಕಾರರ ಬೀದಿ. ಒಂದೇ ಸೂರಿನ ಕೆಳಗೆ ಎರಡು ಮನೆ. ನಡುವಿನ ಗೋಡೆ ಮೇಲಿನವರೆಗೆ ಮುಟ್ಟಿರಲಿಲ್ಲ, ಒಂದು ಮೊಳದಷ್ಟು ಸಂದು ಉಳಿದಿತ್ತು. ಈ ಕಡೆ ಅಪ್ಪನ ಮಗ್ಗ, ಆ ಕಡೆ ಬಾಡಿಗೆಗೆ ಬರುವವರು. ನಾನು ಹೈಸ್ಕೂಲು ಸೇರಿದ ವರ್ಷ ಆ ಕಡೆಗೆ ನರ್ಸಮ್ಮ ಬಂದರು. ಬಳ್ಳಾರಿ ಸೀಮೆಯಿಂದ ವರ್ಗವಾಗಿ ಬಂದವರು. ಎತ್ತರದ ಆಳು, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ತುರುಬು, ಬರಿಯ ಹಣೆ. ಆ ಹಣೆ ನೋಡಿ ನಮ್ಮಜ್ಜಿ ಪಾಪ, ಗಂಡ ಸತ್ತವಳು ಎಂದುಕೊಂಡು ಇಡೀ ವಾರ ಮರುಗಿದಳು. ಶನಿವಾರ ಸಂಜೆ ಚಳ್ಳಕೆರೆಯ ಮಿಲ್ಲಿನಿಂದ ಗಂಡ ಬಂದಿಳಿದ. ಆಗಲೇ ನಮಗೆ ಗೊತ್ತಾದದ್ದು, ಅವರು ಕ್ರೈಸ್ತರು ಎಂದು. ಮಕ್ಕಳಿರಲಿಲ್ಲ. ಭಾನುವಾರ ಬೆಳಗ್ಗೆ ಇಬ್ಬರೂ ಚಳ್ಳಕೆರೆಯ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದರು, ಸಂಜೆ ನರ್ಸಮ್ಮ ಒಬ್ಬರೇ ವಾಪಸು ಬರುತ್ತಿದ್ದರು.

ಆಕೆ ಎಲ್ಲದಕ್ಕೂ ಪ್ರಾರ್ಥನೆ ಮಾಡುತ್ತಿದ್ದರು. ಸ್ಟೌ ಹಚ್ಚುವ ಮುಂಚೆ, ಮನೆಗೆ ಬೀಗ ಹಾಕಿ ಹಳ್ಳಿಗಳ ಕಡೆ ಹೊರಡುವ ಮುಂಚೆ, ಬಸ್ಸಿನಲ್ಲಿ ಕೂತ ಮೇಲೆ ಡ್ರೈವರ್ ಗೇರು ಹಾಕುವ ಮುಂಚೆ. ಒಂದು ಸಲ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಅದು ಮುಗಿದುಹೋಗುತ್ತಿತ್ತು. ದೊಡ್ಡ ಪ್ರಾರ್ಥನೆ ಇರುತ್ತಿದ್ದದ್ದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ಅದನ್ನು ಜೋರಾಗಿಯೇ ಹೇಳುತ್ತಿದ್ದರು. ಗೋಡೆಯ ಮೇಲಿನ ಸಂದಿನಿಂದ ಅದು ನಮ್ಮ ಮನೆಗೆ ನೇರ ಇಳಿಯುತ್ತಿತ್ತು.

‘ಪ್ರೀತಿಯುಳ್ಳ ತಂದೆಯೇ, ಈ ಸಾಯಂಕಾಲ ನಿನ್ನ ಸನ್ನಿಧಿಗೆ ಬಂದಿದ್ದೇನೆ’ ಎಂದು ಪುಸ್ತಕದ ಕನ್ನಡದಲ್ಲಿ ಶುರುವಾಗಿ ಸ್ವಲ್ಪ ಹೊತ್ತಿಗೆ ಬೀದಿಗೆ ಇಳಿದುಬಿಡುತ್ತಿತ್ತು. ‘ಮೂಲೆಮನೆ ತಾತನಿಗೆ ಕೆಮ್ಮು ಜಾಸ್ತಿ ಆಗೈತೆ, ಇವತ್ತಾದ್ರೂ ನಿದ್ದೆ ಮಾಡಲಿ. ಕೊಂಡ್ಲಹಳ್ಳೀಲಿ ಆ ಬಸುರಿ ಹುಡುಗಿ ಮಾತ್ರೆ ನುಂಗ್ತಿಲ್ಲ, ಒಳ್ಳೆ ಬುದ್ಧಿ ಕೊಡು. ಪಕ್ಕದ ಮನೆಯೋರ ಸೀರೆ ಈ ವಾರ ಮಗ್ಗದಿಂದ ಇಳೀಲಿ. ಅವರ ಸಣ್ಣ ಹುಡುಗಿ ಗಣಿತದಾಗೆ ಫೇಲಾಗ್ಯಾಳೆ, ಮನೇಲಿ ಇನ್ನೂ ಹೇಳಿಲ್ಲ...’

ಆ ಸಣ್ಣ ಹುಡುಗಿ ನಾನೇ. ಅಪ್ಪ ಮಗ್ಗ ನಿಲ್ಲಿಸಿ ನನ್ನ ಕಡೆ ತಿರುಗಿ ನೋಡಿದ. ಮರುದಿನ ನರ್ಸಮ್ಮ ನನ್ನನ್ನು ಕರೆದು, ‘ದೇವರಿಗೆ ಹೇಳಿದ್ದು ಕಣೇ, ನಿಮ್ಮಪ್ಪಗಲ್ಲ’ ಎಂದು ನಾಚಿಕೆಯಿಂದ ನಕ್ಕರು. ಅಂದಿನಿಂದ ಒಂದೊಂದು ಮಾತು ಪಿಸುದನಿಯಲ್ಲಿ ಆಗುತ್ತಿತ್ತು. ನಾನೂ ಅಕ್ಕನೂ ಗೋಡೆಗೆ ಕಿವಿ ಹಚ್ಚುತ್ತಿದ್ದೆವು.

ಬೀದಿಯಲ್ಲಿ ಕೆಲವರಿಗೆ ಇದು ಸರಿ ಬರಲಿಲ್ಲ. ನಮ್ಮ ಹೆಸರು ಎತ್ತಿ ಏನೇನೋ ಓದಿದರೆ ಆಗುತ್ತದೆಯೇ ಎಂದು ಕೇಳಿದವರೂ ಇದ್ದರು. ಅಜ್ಜಿ ಮಾತ್ರ ನಮ್ಮ ಮನೆಯ ತೆಲುಗಿನಲ್ಲಿ, ‘ಮಂಚಿದೇ ಕದಾ ಅಡುಗುತೋಂದಿ, ಅಡಗನೀ’ ಎಂದು ಬಾಯಿ ಮುಚ್ಚಿಸಿದಳು. ಒಳ್ಳೆಯದನ್ನೇ ತಾನೇ ಕೇಳುತ್ತಿದ್ದಾಳೆ, ಕೇಳಲಿ ಬಿಡು ಎಂದು. ಅವ್ವ ಆ ಹೊತ್ತಿಗೆ ರಾಟೆ ತಿರುಗಿಸುವುದನ್ನು ನಿಲ್ಲಿಸುತ್ತಿದ್ದಳು. ನಮ್ಮೆಲ್ಲರ ಹೆಸರು ಬಂದು ಹೋದ ಮೇಲೆ ಮತ್ತೆ ರಾಟೆಯ ಸದ್ದು ಶುರುವಾಗುತ್ತಿತ್ತು.

ಆಮೇಲೆ ಅಕ್ಕನನ್ನು ಕೊಂಡ್ಲಹಳ್ಳಿಗೆ ಮದುವೆ ಮಾಡಿ ಕೊಟ್ಟೆವು. ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಬಂದ ದಿನವೇ ನರ್ಸಮ್ಮ ಅವಳ ಪಾದ ಒತ್ತಿ ನೋಡಿ, ಬಿ.ಪಿ. ನೋಡಿ, ಅವ್ವನನ್ನು ಹಿತ್ತಿಲಿಗೆ ಕರೆದು ಮಾತಾಡಿದರು. ಉಪ್ಪು ಕಮ್ಮಿ ಮಾಡಿ, ತಲೆ ನೋವು ಅಂದರೆ ನನಗೆ ಹೇಳಿ ಎಂದರು. ಸಂಜೆಯ ಪ್ರಾರ್ಥನೆಯಲ್ಲಿ ಅಕ್ಕನ ಹೆಸರು ಎಲ್ಲರಿಗಿಂತ ಮೊದಲು ಬರತೊಡಗಿತು.

ಆ ದಿನ ಬೆಳಗ್ಗೆ ಅಕ್ಕ ಕಣ್ಣು ಮಂಜಾಗ್ತಾ ಐತೆ ಅಂದಳು. ನರ್ಸಮ್ಮ ಬಂದು ನೋಡಿದವರೇ ಅವ್ವನಿಗೆ, ‘ಅಕ್ಕಾ, ಈಗಲೇ ಚಳ್ಳಕೆರೆ ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಇಲ್ಲಿ ಆಗಲ್ಲ’ ಎಂದರು. ಅವ್ವ ಸೀರೆ ಬದಲಾಯಿಸಲು ಎದ್ದಳು. ಅಪ್ಪ ಅಳಿಯನಿಗೆ ಫೋನು ಮಾಡಿದ. ಭಾವ, ‘ನಾನು ಗಾಡಿ ತಗೊಂಡು ಬರ್ತೀನಿ ಮಾವ, ನಾನು ಬರೋತನಕ ಎಲ್ಲೂ ಕರ್ಕೊಂಡೋಗ್ಬ್ಯಾಡ್ರಿ’ ಅಂದ. ಅಳಿಯನ ಮಾತು ಮೀರುವುದು ಅಪ್ಪನಿಂದ ಆಗಲಿಲ್ಲ. ಭಾವ ಕೆಟ್ಟವನೇನಲ್ಲ. ಒಂದು ಗಂಟೆಯ ದಾರಿ, ಬಂದೇಬಿಡುತ್ತೇನೆ ಎಂದುಕೊಂಡಿದ್ದ. ಗಾಡಿ ಸಿಗಲಿಲ್ಲ. ಸಿಕ್ಕಿದ ಗಾಡಿಯ ಟೈರು ಹೋಯಿತು.

ನರ್ಸಮ್ಮ ನಮ್ಮ ಬಾಗಿಲಿಗೆ ಬರುವುದು, ಹೋಗುವುದು, ಮತ್ತೆ ಬರುವುದು. ಕೊನೆಗೆ ಅಪ್ಪನ ಎದುರು ನಿಂತು, ‘ಯಜಮಾನ್ರೇ, ಕೈ ಮುಗೀತೀನಿ. ನಾನೇ ಒಂದು ಗಾಡಿ ಕರೀತೀನಿ, ಬೈಗುಳ ಬಂದ್ರೆ ನಂಗೆ ಬರಲಿ’ ಎಂದರು. ಅಪ್ಪ ಬೀದಿಯ ತುದಿಯನ್ನೇ ನೋಡುತ್ತಾ, ‘ಇನ್ನೇನ್ ಬಂದ್ರಮ್ಮ, ಬಂದೇಬಿಟ್ರು’ ಎಂದ. ಮಧ್ಯಾಹ್ನ ಅಕ್ಕನಿಗೆ ಫಿಟ್ಸ್ ಬಂತು. ಆಗ ನರ್ಸಮ್ಮ ಯಾರನ್ನೂ ಕೇಳಲಿಲ್ಲ. ಬೀದಿಯಲ್ಲಿ ನಿಂತಿದ್ದ ಒಂದು ಟೆಂಪೊವನ್ನು ಕೂಗಿ ತರಿಸಿ, ಕೊಡಬೇಕಾದ ಸೂಜಿ ಕೊಟ್ಟು, ಅಕ್ಕನನ್ನು ಎತ್ತಿ ಹಾಕಿಸಿದರು. ಅವ್ವ ಡ್ರೈವರ್ ಪಕ್ಕ ಕೂತಳು. ಹಿಂದೆ ನರ್ಸಮ್ಮ, ನಾನು, ನಡುವೆ ಅಕ್ಕ.

ಆ ದಾರಿಯನ್ನು ನಾನು ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೇನೋ. ಹಾನಗಲ್ಲು, ಬಿ.ಜಿ. ಕೆರೆ, ತಳಕು... ಅವತ್ತು ಒಂದೂರೂ ನನಗೆ ಕಾಣಲಿಲ್ಲ. ಕಂಡದ್ದು ನರ್ಸಮ್ಮನ ಕೈಗಳು. ಅಕ್ಕನನ್ನು ಎಡಮಗ್ಗುಲಿಗೆ ತಿರುಗಿಸಿ ಹಿಡಿದ ಕೈ, ಬಾಯಿಯ ರಕ್ತ ಬೆರೆತ ನೊರೆ ಒರೆಸುವ ಕೈ, ಹೊಟ್ಟೆಯ ಮೇಲಿಟ್ಟು ಮಗುವಿನ ಮಿಸುಕಾಟ ಹುಡುಕುವ ಕೈ. ಗಾಡಿ ಕುಣಿದಾಗಲೆಲ್ಲ ಅಕ್ಕನ ತಲೆ ತಗಡಿಗೆ ತಾಗದ ಹಾಗೆ ತನ್ನ ಮಂಡಿ ಒಡ್ಡುತ್ತಿದ್ದರು. ತುಟಿಗಳು ಮಾತ್ರ ಒಂದೇ ಸಮನೆ ಆಡುತ್ತಿದ್ದವು. ‘ತಂದೆಯೇ, ಬಿಡಬ್ಯಾಡ. ತಂದೆಯೇ, ಬಿಡಬ್ಯಾಡ.’ ಬೇರೆ ಮಾತೇ ಇರಲಿಲ್ಲ. ಮಧ್ಯೆ ನನಗೆ, ‘ಕಾಲು ಗಟ್ಟಿಯಾಗಿ ಹಿಡ್ಕೊಳೇ’ ಎಂದು ಹೇಳಿ ಮತ್ತೆ ಅಲ್ಲಿಗೇ ಹೋಗುತ್ತಿದ್ದರು.

ಆಸ್ಪತ್ರೆ ಮುಟ್ಟಿದಾಗ ಅಕ್ಕನಿಗೆ ಜೀವ ಇತ್ತು. ಒಳಗೆ ಕರೆದುಕೊಂಡು ಹೋದರು. ಸುದ್ದಿ ತಿಳಿದು ನರ್ಸಮ್ಮನ ಗಂಡ ಮಿಲ್ಲಿನಿಂದ ಕೆಲಸದ ಬಟ್ಟೆಯಲ್ಲೇ ಓಡಿಬಂದ. ಅವ್ವ ನೆಲದ ಮೇಲೆ ಕೂತಿದ್ದಳು, ಬೆಂಚಿನ ಮೇಲೆ ಅವನ ಒಂದು ಪಕ್ಕ ನರ್ಸಮ್ಮ, ಇನ್ನೊಂದು ಪಕ್ಕ ನಾನು. ಅವನ ಮೈಯಿಂದ ಹಿಂಡಿಯ ವಾಸನೆ ಬರುತ್ತಿತ್ತು. ಅಂಥ ಹೊತ್ತಿನಲ್ಲೂ ಅದು ನನಗೆ ಊಟದ ವಾಸನೆಯ ಹಾಗೆ ಅನ್ನಿಸಿ, ಹಸಿವಾಗಿ, ನಾಚಿಕೆಯಾಯಿತು. ಆಮೇಲೆ ಒಂದು ಹೆಣ್ಣುಮಗುವನ್ನು ತಂದು ತೋರಿಸಿದರು. ಅಕ್ಕ ಬರಲಿಲ್ಲ. ಹೊರಗೆ ಇನ್ನೂ ಬಿಸಿಲಿತ್ತು.

ಭಾವ ಬಂದದ್ದು ಆಮೇಲೆ.

ಮಣ್ಣು ಮಾಡಿ ಬಂದ ಮೇಲೆ ಮಾತು ಹುಟ್ಟಿತು. ಹುಟ್ಟಿಸಿದವನು ಟೆಂಪೊ ಡ್ರೈವರ್. ಅವನು ಸುಳ್ಳು ಹೇಳಲಿಲ್ಲ. ಕನ್ನಡಿಯಲ್ಲಿ ಅವನಿಗೆ ಕಂಡದ್ದು ನರ್ಸಮ್ಮನ ಮುಖ ಮಾತ್ರ, ಆಡುವ ತುಟಿ ಮಾತ್ರ. ಅವರ ಕೈ ಅವನಿಗೆ ಹೇಗೆ ಕಾಣಬೇಕು? ‘ನರ್ಸು ದಾರಿಯುದ್ದಕ್ಕೂ ಪ್ರಾರ್ಥನೆ ಮಾಡ್ತಿದ್ಲು’ ಎಂದು ಎಲ್ಲೋ ಚಹಾ ಕುಡಿಯುತ್ತಾ ಅಂದ. ಭಾವನಿಗೆ ಅದು ಸಿಕ್ಕಿತು. ದುಃಖಕ್ಕೆ ಒಂದು ಜಾಗ ಬೇಕಿತ್ತು ಅವನಿಗೆ. ನಮ್ಮ ಬೀದಿಗೆ ಬಂದು ನರ್ಸಮ್ಮನ ಬಾಗಿಲ ಮುಂದೆ ನಿಂತು ಕೂಗಿದ. ‘ಔಷಧಿ ಕೊಡೋ ಹೊತ್ನಲ್ಲಿ ಜಪ ಮಾಡ್ಕೊಂಡು ಕೂತ್ಯಲ್ಲಮ್ಮ. ನಿನ್ ದೇವರು ಬಂದು ಹೆರಿಗೆ ಮಾಡ್ತಾನೆ ಅಂದ್ಕೊಂಡ್ಯಾ?’

ನರ್ಸಮ್ಮ ಹೊರಗೆ ಬಂದು ಹೊಸ್ತಿಲ ಮೇಲೆ ನಿಂತರು. ಬೆಳಗ್ಗೆಯಿಂದ ಹೇಳಿದ್ದೆ, ಕಾಯಿಸಿದ್ದು ನೀವು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅಪ್ಪ ಜಗಲಿಯ ಮೇಲೆ ತಲೆ ಬಗ್ಗಿಸಿ ಕೂತಿದ್ದ. ಬಹುಶಃ ಅವನನ್ನು ನೋಡಿಯೇ ಅವರು ಸುಮ್ಮನಾದದ್ದು. ಮೇಲಿನವರಿಗೆ ದೂರು ಹೋಯಿತು. ಒಬ್ಬರು ಬಂದು ವಿಚಾರಿಸಿದರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಕೈಗಳ ವಿಷಯವನ್ನು ಎರಡೆರಡು ಸಲ ಹೇಳಿದೆ. ನರ್ಸಮ್ಮನದು ತಪ್ಪಿಲ್ಲ ಎಂದಾಯಿತು. ಆದರೆ ಬೀದಿಯಲ್ಲಿ ಅಷ್ಟರೊಳಗೆ ತೀರ್ಮಾನ ಆಗಿಹೋಗಿತ್ತು. ಜ್ವರದ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದವರು ಅವರ ಬಾಗಿಲು ದಾಟಿ ಮುಂದೆ ಹೋಗತೊಡಗಿದರು.

ಆಮೇಲೆ ಸಂಜೆಗಳಲ್ಲಿ ಗೋಡೆಯಾಚೆ ಪ್ರಾರ್ಥನೆಯ ಸದ್ದಿಲ್ಲ. ಮೊದಮೊದಲು ದನಿ ತಗ್ಗಿಸಿರಬೇಕು ಎಂದುಕೊಂಡೆ. ಗೋಡೆಗೆ ಕಿವಿ ಇಟ್ಟು ನೋಡಿದೆ. ಏನೂ ಇರಲಿಲ್ಲ. ಪಾತ್ರೆ ಇಟ್ಟ ಸದ್ದು, ಚಾಪೆ ಹಾಸಿದ ಸದ್ದು, ಅಷ್ಟೇ.

ನಮ್ಮ ಮನೆಯೂ ಹಾಗೇ ಇತ್ತು. ಅಪ್ಪ ಮಗ್ಗಕ್ಕೆ ಕೂರುತ್ತಿರಲಿಲ್ಲ. ಮಗುವನ್ನು ಕರೆದುಕೊಂಡು ಹೋಗಲು ಕೊಂಡ್ಲಹಳ್ಳಿಯಿಂದ ಯಾರೂ ಬರಲಿಲ್ಲ. ತಾಯಿಯನ್ನು ತಿಂದುಕೊಂಡು ಹುಟ್ಟಿದ್ದು ಅಂದರಂತೆ. ಹೆಸರಿಡುವ ಮಾತನ್ನು ಯಾರೂ ಎತ್ತಲಿಲ್ಲ. ಮಗು ಅತ್ತಾಗ ಅಜ್ಜಿ ‘ಅದಕ್ಕೆ ಹಸಿವು ನೋಡು’ ಅನ್ನುತ್ತಿದ್ದಳು. ಅದು, ಅದಕ್ಕೆ, ಅದರ ಬಟ್ಟೆ. ಹಾಗೆಯೇ ಕರೆಯುತ್ತಿದ್ದೆವು.

ಒಂದು ಸಂಜೆ ಅವ್ವ ಮಗುವನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಗೆ ಹೊರಟಳು. ನಾನೂ ಹಿಂದೆ ಹೋದೆ. ನರ್ಸಮ್ಮ ದೀಪ ಹಾಕದೆ ಕೂತಿದ್ದರು. ಅವ್ವ ಬಾಗಿಲಲ್ಲೇ ನಿಂತು ಕೇಳಿದಳು.

‘ಯಾಕ್ರೀ ನರ್ಸಮ್ಮಾ, ನಿಲ್ಲಿಸಿಬಿಟ್ರಿ?’

ಏನು ಎಂದು ನರ್ಸಮ್ಮ ಕೇಳಲಿಲ್ಲ. ‘ಅವತ್ತು ದಾರಿಯುದ್ದಕ್ಕೂ ಕೇಳ್ಕೊಂಡೆ ಅಕ್ಕಾ. ಕೊಡಲಿಲ್ಲ. ಆಮೇಲೆ ಬಾಯಿ ಏಳ್ತಿಲ್ಲ’ ಎಂದರು.

‘ನಂಗೂ ದೀಪ ಹಚ್ಚೋಕೆ ಕೈ ಏಳ್ತಿಲ್ಲ’ ಎಂದಳು ಅವ್ವ. ಆಮೇಲೆ ಒಳಗೆ ಹೋಗಿ ಕೂತಳು. ‘ನನ್ನ ಮಗಳ ಹೆಸರು ದಿನಾ ಹೇಳ್ತಿದ್ರಿ. ಆ ಗೋಡೆ ಕಡೆಯಿಂದ ಕೇಳ್ತಿತ್ತು. ಈಗ ಅವಳ ಹೆಸರು ಯಾರೂ ಹೇಳಲ್ಲ. ನಮ್ಮನೇಲಿ ಹೇಳೋಕೆ ಎಲ್ರಿಗೂ ಭಯ. ನೀವೊಂದ್ಸಲ ಹೇಳ್ರಿ.’

ನರ್ಸಮ್ಮ ಸೆರಗು ಹಿಂಡಿದರು. ‘ಹೋದೋರು ದೇವರ ಕೈಲಿ ಇರ್ತಾರೆ ಅಕ್ಕಾ. ಅವರಿಗಾಗಿ ಬೇಡ್ಕೊಳ್ಳೋದು ನಮ್ಮಲ್ಲಿಲ್ಲ’ ಎಂದರು.

‘ಬೇಡ್ಕೋಬ್ಯಾಡ್ರಿ. ಹೆಸರು ಹೇಳ್ರಿ, ಸಾಕು.’

ನರ್ಸಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡರು. ಕೆಮ್ಮಿದರು. ಆಮೇಲೆ ಪುಸ್ತಕದ ಕನ್ನಡ ಒಂದಿಷ್ಟೂ ಇಲ್ಲದೆ ಹೇಳಿದರು: ‘ತಂದೆಯೇ, ಅವಳನ್ನ ನೀನು ಕೊಟ್ಟಿದ್ದೆ. ಈ ಗೋಡೆ ಆ ಕಡೆ ನಗ್ತಾ ಇದ್ಲು. ಅದಕ್ಕೆ ಸ್ತೋತ್ರ. ಯಾಕೆ ಕರ್ಕೊಂಡೆ ಅಂತ ಕೇಳಬಾರ್ದು ಅಂತಾರೆ. ನಾನು ಕೇಳ್ತಿದೀನಿ. ಉತ್ತರ ಕೊಡು ಅಂತಲ್ಲ, ಕೇಳ್ದೆ ಅಂತ ನಿಂಗೆ ಗೊತ್ತಿರಲಿ.’ ಅಕ್ಕನ ಹೆಸರು ಹೇಳಿದರು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅಷ್ಟು ದಿನ ಅವಳು ಅತ್ತಿರಲಿಲ್ಲ.

ಆಮೇಲೆ ನರ್ಸಮ್ಮ ಮಗುವಿನ ತಲೆಯ ಮೇಲೆ ಕೈಯಿಟ್ಟು, ‘ಈ ಕೂಸನ್ನ...’ ಎಂದವರು ನಿಲ್ಲಿಸಿ ಕಣ್ಣು ಬಿಟ್ಟರು. ‘ಇವಳನ್ನ ಏನಂತ ಹೇಳ್ಲಿ ಅಕ್ಕಾ? ಹೆಸರಿಲ್ದೆ ಹೆಂಗೆ ಹೇಳ್ಲಿ?’

ಅವ್ವ ಅಳುತ್ತಲೇ ಅಂದಳು: ‘ಅವಳು ಅಂದ್ಕೊಂಡಿದ್ಲು. ಹೆಣ್ಣಾದ್ರೆ ಪಾವನಿ ಅಂತ.’

‘ಪಾವನಿ’ ಎಂದರು ನರ್ಸಮ್ಮ, ಕಣ್ಣು ಮುಚ್ಚಿಕೊಂಡು. ತೊಟ್ಟಿಲು, ಶಾಸ್ತ್ರ, ನೆಂಟರು ಏನೂ ಇಲ್ಲದೆ ನಮ್ಮ ಪಾವನಿಗೆ ಹೆಸರು ಬಿದ್ದದ್ದು ಹೀಗೆ. ಮನೆಗೆ ಬಂದು ಅವ್ವ ಅಜ್ಜಿಯ ಮಡಿಲಲ್ಲಿ ಮಗುವನ್ನು ಹಾಕಿ, ‘ಪಾವನಿ ಅನ್ನು’ ಎಂದಳು. ಅಜ್ಜಿ ಅಂದಳು.

ಮರುದಿನದಿಂದ ಸಂಜೆಯ ಪ್ರಾರ್ಥನೆ ಮತ್ತೆ ಶುರುವಾಯಿತು. ಆದರೆ ಅದು ಮೊದಲಿನ ಹಾಗಿರಲಿಲ್ಲ. ಚಿಕ್ಕದಾಗಿತ್ತು, ನಡುನಡುವೆ ನಿಂತು ನಿಂತು ಬರುತ್ತಿತ್ತು. ಬೀದಿಯವರ ಹೆಸರುಗಳು ಒಂದೊಂದಾಗಿ ಮರಳಿ ಬಂದವು, ನರ್ಸಮ್ಮನ ಬಾಗಿಲಿಗೆ ಬರುವುದನ್ನು ಬಿಟ್ಟವರ ಹೆಸರೂ ಸೇರಿ. ಒಂದು ಸಲ ಭಾವನ ಹೆಸರು ಕೇಳಿಸಿತು. ಅವನಿಗೆ ಬೇರೆ ಮದುವೆ ಗೊತ್ತಾಗಿದ್ದ ಕಾಲ. ಅಪ್ಪ ಅದನ್ನು ಕೇಳಿ ಎದ್ದು ಹೊರಗೆ ಹೋದ.

ಪಾವನಿ ಶಾಲೆಗೆ ಸೇರುವ ಹೊತ್ತಿಗೆ ನರ್ಸಮ್ಮನಿಗೆ ಚಳ್ಳಕೆರೆ ಕಡೆಗೆ ವರ್ಗವಾಯಿತು. ಸಾಮಾನು ಏರಿಸಿದ ದಿನ ಬೀದಿಯವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡಿದರು. ಯಾರೂ ಹತ್ತಿರ ಬರಲಿಲ್ಲ. ಆಮೇಲೆ ನಾವು ಹಬ್ಬಕ್ಕೋ ಸಂತೆಗೋ ಚಳ್ಳಕೆರೆಗೆ ಹೋದಾಗ ಅವರ ಮನೆಗೆ ಹೋಗಿಬರುತ್ತಿದ್ದೆವು. ಅಜ್ಜಿ ತೀರಿಕೊಂಡಳು, ಅಪ್ಪ ಹೋದ, ಅವ್ವನೂ ಹೋದಳು. ಹೋಗಿಬರುವುದು ಕಡಿಮೆಯಾಯಿತು...

ಪಾವನಿಗೆ ಚಳ್ಳಕೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕ ಮೇಲೆ ಅವಳೇ ಸುದ್ದಿ ತಂದಳು: ನರ್ಸಮ್ಮನಿಗೆ ಲಕ್ವ ಹೊಡೆದಿದೆ. ಇಬ್ಬರೂ ಹೋದೆವು. ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತು ಹೋಗಿತ್ತು. ಪೂರ್ತಿ ಅಲ್ಲ, ಒಂದು ಮಾತು ಉಳಿದಿತ್ತು.

‘ತಂದೆಯೇ’ ಎಂದರು ನಮ್ಮನ್ನು ನೋಡಿ.

ನಾನು ಪ್ರಾರ್ಥನೆ ಮಾಡುತ್ತಿದ್ದಾರೆ ಎಂದುಕೊಂಡು ಕೈ ಕಟ್ಟಿ ನಿಂತೆ. ಅವರ ಗಂಡ ತಲೆ ಅಲ್ಲಾಡಿಸಿದ. ‘ಪ್ರಾರ್ಥನೆ ಅಲ್ಲಮ್ಮ ಅದು. ಬಾಯಲ್ಲಿ ಅದೊಂದೇ ಉಳ್ದಿರೋದು. ನೀರು ಬೇಕಂದ್ರೂ ಅದೇ, ನೋವಂದ್ರೂ ಅದೇ, ನನ್ನ ಕರೆಯೋದೂ ಹಂಗೇ. ಯಾವ್ದಕ್ಕೆ ಯಾವ್ದು ಅಂತ ನಂಗೇ ತಿಳಿಯಲ್ಲ. ಒಂದೊಂದ್ಸಲ ನೀರು ತಂದ್ಕೊಟ್ರೆ ಕೋಪ ಮಾಡ್ಕೊಂತಾಳೆ.’

ಪಾವನಿ ಮಂಚದ ಅಂಚಿನಲ್ಲಿ ಕೂತು ಅವರ ಎಡಗೈ ಹಿಡಿದಳು. ನರ್ಸಮ್ಮ ಅವಳ ಮುಖವನ್ನೇ ನೋಡಿದರು. ಗುರುತು ಸಿಕ್ಕಿತ್ತು, ಅದು ಕಣ್ಣಲ್ಲಿ ಗೊತ್ತಾಗುತ್ತಿತ್ತು. ಹೆಸರು ಹೇಳಲು ಬಾಯಿ ತೆರೆದರು. ಕುತ್ತಿಗೆಯ ನರ ಉಬ್ಬಿತು. ‘ತಂದೆಯೇ’ ಎಂದರು. ಅಲ್ಲ ಎಂಬಂತೆ ತಲೆ ಆಡಿಸಿ ಮತ್ತೆ ಪ್ರಯತ್ನಪಟ್ಟರು. ಮತ್ತೆ ಅದೇ ಬಂತು. ಕಣ್ಣಿನಿಂದ ನೀರು ಇಳಿಯಿತು. ‘ಪಾವನಿ, ಅಜ್ಜೀ, ನಾನು ಪಾವನಿ’ ಎಂದು ಇವಳೇ ಹೇಳಿದಳು. ನರ್ಸಮ್ಮ ಕಣ್ಣು ಮುಚ್ಚಿದರು. ಸಮಾಧಾನವಾಯಿತೋ, ಸೋತುಹೋದರೋ, ನನಗೆ ಇವತ್ತಿಗೂ ತಿಳಿಯದು.

ಹೋದ ತಿಂಗಳು ನಾನು ಬಸ್ಸಿಳಿದಾಗ ಅವರು ತೀರಿಕೊಂಡು ಎಷ್ಟೋ ದಿನವಾಗಿತ್ತು. ಮಣ್ಣಿಗೆ ನಾನು ಹೋಗಲು ಆಗಿರಲಿಲ್ಲ. ಸುದ್ದಿ ತಡವಾಗಿ ಬಂತು. ಬಳ್ಳಾರಿ ಕಡೆ ಅವರ ತಂದೆತಾಯಿಯ ಸಮಾಧಿ ಇರುವಲ್ಲಿಗೇ ಒಯ್ದರಂತೆ. ಪಾವನಿಗೆ ಅಂಗಡಿ ರಜೆ ಇತ್ತು. ಇಬ್ಬರೂ ನರ್ಸಮ್ಮನ ಗಂಡನನ್ನು ಮಾತಾಡಿಸಲು ಹೋದೆವು. ಮಿಲ್ಲಿನ ಕೆಲಸ ಎಂದೋ ಬಿಟ್ಟಿದ್ದಾನೆ. ಒಂದೇ ಕೋಣೆ. ನರ್ಸಮ್ಮ ಮಲಗಿದ್ದ ಮಂಚವನ್ನು ಗೋಡೆಗೆ ಒರಗಿಸಿಟ್ಟಿದ್ದ. ನಾವು ಬೇಡ ಎಂದರೂ ಕೇಳದೆ ಅನ್ನ, ಬೇಳೆಸಾರು ಬಡಿಸಿದ. ತನಗೂ ಹಾಕಿಕೊಂಡು ನಮ್ಮೆದುರು ಕೂತ.

ಮಂದಿರಕ್ಕೆ ಹೋಗ್ತಿದೀರಾ ಎಂದು ಕೇಳಿದೆ. ಏನಾದರೂ ಕೇಳಬೇಕಲ್ಲ ಎಂದು.

‘ಇಲ್ಲಮ್ಮ’ ಎಂದ. ‘ನಂಗೆ ಪ್ರಾರ್ಥನೆ ಮಾಡೋಕೆ ಬರಲ್ಲ. ಮದುವೆ ಆದಾಗಿಂದ ಅವಳೇ ಹೇಳೋಳು, ನಾನು ಆಮೆನ್ ಅನ್ನೋನು. ನಂದು ಅಷ್ಟೇ ಕೆಲಸ ಇತ್ತು.’

ಆಮೇಲೆ ತಟ್ಟೆಯ ಮುಂದೆ ಕಣ್ಣು ಮುಚ್ಚಿದ. ನಾನೂ ಪಾವನಿಯೂ ಕಲಸಿದ ಅನ್ನ ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡೆವು. ಅವನು ಏನೂ ಹೇಳಲಿಲ್ಲ. ತುಟಿಯೂ ಅಲುಗಲಿಲ್ಲ. ಯಾರೋ ಹೇಳುತ್ತಿರುವುದನ್ನು ಕೇಳಿಸಿಕೊಳ್ಳುವವನ ಹಾಗೆ ತಲೆಯನ್ನು ಒಂದು ಕಡೆಗೆ ವಾಲಿಸಿ ಕೂತಿದ್ದ. ಹೊರಗೆ ಒಂದು ಲಾರಿ ಹೋಯಿತು. ಸಾರು ಆರುತ್ತಿತ್ತು. ಪಾವನಿ ನನ್ನ ಮುಖ ನೋಡಿದಳು, ನಾನು ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದೆ.

ಒಂದು ಪ್ರಾರ್ಥನೆ ಮುಗಿಯುವಷ್ಟು ಹೊತ್ತಾದ ಮೇಲೆ, ‘ಆಮೆನ್’ ಎಂದು ಹೇಳಿ ಅವನು ಉಣ್ಣತೊಡಗಿದ.